ಮೂವತ್ತೆಂಟು ಸಾವಿರ ಉಳಿಸಿದ ಬೊಟ್ಟಿನ ಕಂಪ್ಯೂಟರು

ಒಟ್ಟು ವ್ಯವಹಾರ ಮೂವತ್ತೆಂಟು ಸಾವಿರದ್ದು. ಹೊಸ ಕಂಪ್ಯೂಟರ್ ತಂದರೆ ಅಷ್ಟು ಖರ್ಚು. ಹಳೆಯದಕ್ಕೇ ದುಡ್ಡು ಕೇಳದ ಹೊಸ ಸಿಸ್ಟಂ ಹಾಕಿಸಿದರೆ ಕೂಲಿ ಆರುನೂರು. ಹುಣಸೂರಿನಲ್ಲಿ ಮೂವತ್ತನಾಲ್ಕು ವರ್ಷ ಪಾತ್ರೆ ಅಂಗಡಿ ನಡೆಸಿದವನಿಗೆ ಇದರಲ್ಲಿ ಯಾವುದು ಸರಿ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅಗ್ಗದ ಮಾಲು ಕೊಂಡವನ ಮನೆಯಲ್ಲಿ ದಿನಕ್ಕೊಂದು ಪ್ರಸಂಗ ಅನ್ನುವುದು ನಾನೇ ಗಿರಾಕಿಗಳಿಗೆ ಹೇಳುತ್ತ ಬಂದ ಮಾತು. ಆ ಎರಡು ತಿಂಗಳು ಅದನ್ನು ನನಗೆ ನಾನೇ ಹೇಳಿಕೊಂಡೆ.

ಸಲಹೆ ಕೊಟ್ಟವರು ಮೇಷ್ಟ್ರು. ಹಿಂದೆ ಟೈಪಿಂಗ್ ಹೇಳಿಕೊಡುತ್ತಿದ್ದವರು. ಟೈಪ್‌ರೈಟರ್ ಕಾಲ ಮುಗಿದ ಮೇಲೆ ಅದೇ ಕೋಣೆಯಲ್ಲಿ ಕಂಪ್ಯೂಟರ್ ರಿಪೇರಿಗೆ ಕೂತರು. ಅರವತ್ತು ದಾಟಿದೆ. ಕೀಬೋರ್ಡಿನ ಮೇಲೆ ಬೆರಳು ತಪ್ಪಿಟ್ಟರೆ ಈಗಲೂ ಅವರ ಕಣ್ಣು ಸ್ಕೇಲು ಹುಡುಕುತ್ತದೆ.

"ಹಳೇ ಸಿಸ್ಟಂ ಕಾಲ ಮುಗೀತು. ಅದರ ಮುಂದಿನದು ನಿಮ್ಮ ಈ ಡಬ್ಬದಲ್ಲಿ ಕೂರಲ್ಲ" ಅಂದರು. "ಬೇರೆ ಒಂದಿದೆ. ಪೆಂಗ್ವಿನ್ ಹಕ್ಕಿ ಗುರುತಿಂದು. ಬಿಟ್ಟಿ."

"ಯಾಕೆ ಬಿಟ್ಟಿ?"

"ಪ್ರಪಂಚದ ಜನ ಸೇರಿ ಮಾಡಿದ್ದು. ಯಾರೂ ದುಡ್ಡು ತಗೊಳಲ್ಲ."

"ಯಾರೂ ದುಡ್ಡು ತಗೊಳ್ಳದ ವ್ಯಾಪಾರ ಅಂದ್ರೆ ನನಗೆ ಭಯ ಕಣ್ರೀ ಮೇಷ್ಟ್ರೆ" ಅಂದೆ. ಆದರೂ ಮೂವತ್ತೆಂಟು ಸಾವಿರದ ಭಯ ಅದಕ್ಕಿಂತ ದೊಡ್ಡದಾಗಿತ್ತು.

ನಮ್ಮನೆಯವರು ಅಂಗಡಿಯಲ್ಲಿ ನನ್ನ ಜೊತೆಯೇ ಕೂರುತ್ತಾರೆ. ಅವರಿಗೆ ಇದು ಹಿಡಿಸಲಿಲ್ಲ. "ಲಗ್ನದ ಕಾಲ. ಹೊಸದೇ ತಂದುಬುಡಿ" ಅಂದರು. ನಾನು ಜಗ್ಗದಿದ್ದಾಗ ಒಂದು ಕರಾರು ಹಾಕಿದರು. "ಆಯ್ತು. ಆದ್ರೆ ಈ ಹಕ್ಕಿಯಿಂದ ಒಂದೇ ಒಂದು ಆರ್ಡರ್ ಕೆಟ್ರೂ ಮಾರನೇ ದಿನ ಹೊಸ ಕಂಪ್ಯೂಟರ್ ಬರ್ಬೇಕು."

ಮೇಷ್ಟ್ರ ಎದುರಿಗೇ ಒಪ್ಪಿಕೊಂಡೆ. ಒಪ್ಪಿಕೊಂಡದ್ದು ದಡ್ಡತನ, ಸಾಕ್ಷಿ ಇಟ್ಟುಕೊಂಡು ಒಪ್ಪಿಕೊಂಡದ್ದು ದೊಡ್ಡ ದಡ್ಡತನ.

೧. ಅಮ್ಮ ಬಂದದ್ದು

ನಾನು ಕಂಪ್ಯೂಟರ್ ಕಲಿತದ್ದು ಓದಿ ಅಲ್ಲ, ಜಾಗ ನೋಡಿ. ಪಾತ್ರೆ ಅಂಗಡಿಯಲ್ಲಿ ಎಲ್ಲ ಕೆಲಸವೂ ಹಾಗೇ. ಕಣ್ಣು ಮುಚ್ಚಿ ಕೈ ಚಾಚಿದರೆ ಎಡಗಡೆ ಸೌಟು, ಮೇಲೆ ಜಾಲರಿ, ಕೆಳಗೆ ಇಡ್ಲಿ ತಟ್ಟೆ. ಅದೇ ಪದ್ಧತಿಯನ್ನು ಪರದೆಗೂ ತಂದಿದ್ದೆ. ನಮ್ಮನೆಯವರ ಸ್ಟಿಕ್ಕರ್ ಬೊಟ್ಟಿನ ಪ್ಯಾಕೆಟ್ಟಿನಿಂದ ತೆಗೆದು ಗಾಜಿಗೆ ಅಂಟಿಸಿದ್ದೆ. ಕೆಂಪು ಬೊಟ್ಟು ಬಿಲ್ಲಿಗೆ, ಹಸಿರು ಪ್ರಿಂಟಿಗೆ, ಉದ್ದನೆಯ ಕಪ್ಪು ಬೊಟ್ಟು ಮುಟ್ಟಬಾರದ ಜಾಗಕ್ಕೆ. ಏಳು ವರ್ಷ ಒಂದು ಬಿಲ್ಲೂ ತಪ್ಪಿರಲಿಲ್ಲ.

ಮೇಷ್ಟ್ರು ಹೊಸ ಸಿಸ್ಟಂ ಹಾಕಿ ಹೋದರು. ಒಳಗಿನದೆಲ್ಲ ಬದಲಾಯಿತು, ಬೊಟ್ಟು ಮಾತ್ರ ಇದ್ದ ಜಾಗದಲ್ಲೇ ಇತ್ತು. ಅದನ್ನು ನಾನು ಯೋಚಿಸಲಿಲ್ಲ. ಮಾರನೇ ದಿನ ಕೆ.ಆರ್. ನಗರದ ಕಡೆಯವರೊಬ್ಬರು ಕುಕ್ಕರ್ ಕೊಂಡರು. ಬಿಲ್ಲು ಮಾಡಲು ಕೆಂಪು ಬೊಟ್ಟಿನ ಕೆಳಗೆ ಒತ್ತಿದೆ. ಹಸಿರು ಹಾಸಿನ ಮೇಲೆ ಇಸ್ಪೀಟ್ ಎಲೆಗಳು ಸಾಲಾಗಿ ಬಂದು ಕೂತವು. ಮುಚ್ಚೋಣ ಅಂತ ಇನ್ನೊಂದು ಕಡೆ ಒತ್ತಿದೆ, ಇನ್ನೊಂದು ಎಲೆ ಮಗುಚಿಕೊಂಡಿತು. ಮತ್ತೆ ಒತ್ತಿದೆ, ಇನ್ನೂ ಒಂದು. ಗಿರಾಕಿ ಕುಕ್ಕರ್ ಅನ್ನು ಕೆಳಗಿಟ್ಟು ಕೌಂಟರಿನ ಮೇಲೆ ಬಾಗಿದರು. ಇನ್ನೇನು ಬೈಯುತ್ತಾರೆ ಅಂದುಕೊಂಡೆ.

"ಸಾವ್ಕಾರ್ರೆ, ಆ ಕೆಂಪು ರಾಣೀನ ಕಪ್ಪು ರಾಜನ ಮೇಲೆ ಇಡಿ. ಕೆಳಗಡೆ ಎಲೆ ಬಿಚ್ಕೊತದೆ" ಅಂದರು.

ಆಟ ಮುಗಿಯುವವರೆಗೂ ಅವರು ಹೋಗಲಿಲ್ಲ. ಬಿಲ್ಲು ಕೈಯಲ್ಲಿ ಬರೆದುಕೊಟ್ಟೆ.

ಆಮೇಲೆ ಬೊಟ್ಟುಗಳನ್ನು ಕಿತ್ತು ಹೊಸ ಜಾಗಕ್ಕೆ ಅಂಟಿಸಲು ಕೂತೆ. ಈ ಸಿಸ್ಟಂನಲ್ಲಿ ಒಂದು ಐಬು. ಬಿಲ್ಲಿನ ಕಿಟಕಿ ಒಂದು ದಿನ ಮಧ್ಯದಲ್ಲಿ ತೆರೆದುಕೊಂಡರೆ ಇನ್ನೊಂದು ದಿನ ಮೂಲೆಯಲ್ಲಿ. ಅದು ಹೋದಲ್ಲಿಗೆಲ್ಲ ಬೊಟ್ಟು ಹಾಕುತ್ತ ಹೋದೆ. ವಾರ ಕಳೆದು ಮೇಷ್ಟ್ರು ಬಂದು ನೋಡಿದಾಗ ಪರದೆಯ ಮೇಲೆ ಮೂವತ್ತೊಂದು ಬೊಟ್ಟು. ಅವರು ಚಪ್ಪಲಿ ಹೊರಗೇ ಬಿಟ್ಟು ಬಂದರು.

"ಯಾಕೆ ಮೇಷ್ಟ್ರೆ, ಚಪ್ಪಲಿ?"

"ಅಮ್ಮ ಬಂದ ಮನೆ ಒಳಗೆ ಚಪ್ಪಲಿ ಹಾಕ್ಕೊಂಡು ಬರಬಾರದು" ಅಂದರು. "ಬೇವಿನ ಸೊಪ್ಪು ಕಟ್ಟಿದ್ದೀರೋ ಇಲ್ಲವೋ?"

೨. ಖಂಡಿತಾನಾ?

ಈ ಸಿಸ್ಟಂಗೆ ಪ್ರಶ್ನೆ ಕೇಳುವ ಚಾಳಿ. ಬಿಲ್ಲು ಮುಚ್ಚಲು ಹೋದರೆ ಇಂಗ್ಲಿಷಿನಲ್ಲಿ ಒಂದು ಸಾಲು. ಅದರ ಅರ್ಥ "ಖಂಡಿತಾನಾ?" ಅಂತ, ಮೇಷ್ಟ್ರೇ ಹೇಳಿದ್ದರು. ಕೆಳಗೆ ಹೌದು, ಇಲ್ಲ ಅಂತ ಎರಡು ಗುಂಡಿ.

ಗಿರಾಕಿ ತಗೋತೀನಿ ಅಂದ ಮೇಲೆ "ಖಂಡಿತಾನಾ?" ಅಂತ ಕೇಳಿದ ವ್ಯಾಪಾರಿಯನ್ನು ನಾನು ನೋಡಿಲ್ಲ. ಕೇಳಿದ ಅಂದರೆ ಮಾಲಿನಲ್ಲಿ ಏನೋ ಊನ ಇದೆ, ಅವನಿಗೇ ಮನಸ್ಸು ಚುಚ್ಚುತ್ತಿದೆ ಅಂತ ಅರ್ಥ. ಅಂಥ ಕಡೆ ಹಿಂದಕ್ಕೆ ಸರಿಯಬೇಕು. ಆದ್ದರಿಂದ ಅದು ಕೇಳಿದಾಗಲೆಲ್ಲ ಇಲ್ಲ ಅಂತ ಒತ್ತಿದೆ. ಸಂಜೆ ಅಂಗಡಿ ಮುಚ್ಚುವಾಗ ಆರಿಸಲು ಹೋದರೂ ಅದೇ ಪ್ರಶ್ನೆ. ಅದಕ್ಕೂ ಇಲ್ಲ ಅಂತ ಒತ್ತಿ, ಮೇಲೊಂದು ಬಟ್ಟೆ ಹೊದಿಸಿ ಹೋಗುತ್ತಿದ್ದೆ.

ಮೂರನೇ ವಾರಕ್ಕೆ ಕಂಪ್ಯೂಟರ್ ಬಾಣಂತಿಯ ಹಾಗೆ ನಡೆಯತೊಡಗಿತು. ಒಂದು ಗುಂಡಿ ಒತ್ತಿದರೆ ಉತ್ತರ ಬರುವಷ್ಟರಲ್ಲಿ ಒಂದು ಕಾಫಿ ಕುಡಿದು ಬರಬಹುದು. ಅದರ ಡಬ್ಬ ಬೆಚ್ಚಗಿರುತ್ತದೆ ಅಂತ ಬೀದಿಯ ಬೆಕ್ಕೊಂದು ಬಂದು ಹಿಂದೆ ಮಲಗುತ್ತಿತ್ತು. ಮೇಷ್ಟ್ರನ್ನು ಕರೆಸಿದೆ.

"ಎಷ್ಟು ದಿನದಿಂದ ಆಫ್ ಮಾಡಿಲ್ಲ?"

"ದಿನಾ ಮಾಡ್ತೀನಿ."

"ಹೇಗೆ?"

"ಬಟ್ಟೆ ಮುಚ್ಚಿ."

ಅವರು ಬೆಕ್ಕನ್ನು ಎಬ್ಬಿಸಿ ಕೂತು ಒಂದೊಂದೇ ಕಿಟಕಿ ಸರಿಸುತ್ತ ಹೋದರು. ಒಂದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. "ಇದೇನು ಸಾವ್ಕಾರ್ರೆ, ತೊಂಬತ್ತು ಬಿಲ್ಲು ತೆರೆದೇ ಇಟ್ಟಿದ್ದೀರಿ?"

ನಾನು ಉತ್ತರಿಸುವ ಮೊದಲೇ ನಮ್ಮನೆಯವರು ಅಂದರು, "ಪಾತ್ರೆ ಅಂಗಡಿಯೋರಲ್ವಾ ಮೇಷ್ಟ್ರೆ. ಒಂದರೊಳಗೊಂದು ಜೋಡ್ಸಿಟ್ಟವ್ರೆ."

೩. ಹತ್ತು ಅಕ್ಷರ

ಮೇಷ್ಟ್ರು ಶುರುವಿನಲ್ಲೇ ಒಂದು ಪಾಸ್‌ವರ್ಡ್ ಕೇಳಿದ್ದರು. "ಯಾರಿಗೂ ಗೊತ್ತಿಲ್ಲದ್ದು, ನಿಮಗೆ ಮರೆಯದ್ದು ಹಾಕಿ."

ಅಂಥ ಮಾತು ನನ್ನ ಬಳಿ ಒಂದೇ ಇತ್ತು. ನಮ್ಮ ಅಂಗಡಿಯ ಪ್ರತಿ ಪಾತ್ರೆಯ ಚೀಟಿಯ ಮೂಲೆಯಲ್ಲಿ ಮೂರು ನಾಲ್ಕು ಇಂಗ್ಲಿಷ್ ಅಕ್ಷರ ಇರುತ್ತದೆ. ಅದು ಅಸಲು. ಹತ್ತು ಅಕ್ಷರದ ಒಂದು ಗುಟ್ಟಿನ ಮಾತು. ಮೊದಲನೇ ಅಕ್ಷರ ಒಂದು, ಎರಡನೆಯದು ಎರಡು, ಹೀಗೆ ಹೋಗಿ ಹತ್ತನೆಯದು ಸೊನ್ನೆ. ಯಾವ ಅಕ್ಷರವೂ ಎರಡು ಸಲ ಬರಬಾರದು. ನಮ್ಮ ತಂದೆ ಕಟ್ಟಿಕೊಟ್ಟದ್ದು. ಚೀಟಿ ನೋಡಿದರೆ ನಮಗೆ ಮಾತ್ರ ಗೊತ್ತಾಗುತ್ತದೆ, ಎಷ್ಟಕ್ಕೆ ತಂದದ್ದು, ಎಲ್ಲಿಯವರೆಗೆ ಬಗ್ಗಬಹುದು ಅಂತ. ನಮ್ಮನೆಯವರು ಅಸಲಿಗೆ ಬೇರೆ ಪುಸ್ತಕ ನೋಡುತ್ತಾರೆ. ಅವರಿಗೂ ಆ ಮಾತನ್ನು ಹೇಳಿರಲಿಲ್ಲ. ಅದನ್ನೇ ಪಾಸ್‌ವರ್ಡ್ ಮಾಡಿದೆ.

ಒಂದು ದಿನ ನಾನು ಪಿರಿಯಾಪಟ್ಟಣದಲ್ಲಿ ಒಂದು ಛತ್ರದವರಿಗೆ ಅಡಿಗೆ ಪಾತ್ರೆಯ ರೇಟು ಹೇಳುತ್ತ ಕೂತಿದ್ದೆ. ನಮ್ಮನೆಯವರ ಫೋನು.

"ರೀ, ಪ್ರಿಂಟ್ರು ಎದ್ದೇಳ್ತಿಲ್ಲ. ಕಪ್ಪು ಪರದೆ ಬಂದು ಪಾಸ್‌ವರ್ಡ್ ಕೇಳ್ತದೆ."

"ಅದನ್ನ ಫೋನಲ್ಲಿ ಹೇಳಕ್ಕಾಗಲ್ಲ."

"ಅಂಗಡಿ ತುಂಬಾ ಜನ ಅವ್ರೆ. ಹೇಳಿ."

ಹೇಳಿದೆ. ಅವರು ಎರಡೂ ಕೈಯಲ್ಲಿ ಒತ್ತಬೇಕಲ್ಲ, ಫೋನನ್ನು ಸ್ಪೀಕರಿಗೆ ಹಾಕಿ ಕೌಂಟರಿನ ಮೇಲಿಟ್ಟಿದ್ದರು. ನಾನು ಒಂದು ಅಕ್ಷರ ಹೇಳಿದರೆ ಅವರು ಅದನ್ನು ಗಟ್ಟಿಯಾಗಿ ಹೇಳಿ ಒತ್ತುತ್ತಿದ್ದರು. ಆ ಕಪ್ಪು ಪರದೆಯ ಗುಣ ಏನೆಂದರೆ ಪಾಸ್‌ವರ್ಡ್ ಹೊಡೆದರೆ ಅಕ್ಷರವೂ ಕಾಣುವುದಿಲ್ಲ, ಚುಕ್ಕಿಯೂ ಕಾಣುವುದಿಲ್ಲ. "ಏನೂ ಮೂಡ್ತಿಲ್ಲ ಕಣ್ರೀ, ಇನ್ನೊಂದ್ಸಲ ಹೇಳಿ" ಅಂದರು. ಹೇಳಿದೆ. "ಈಗ್ಲೂ ಇಲ್ಲ. ಮೊದ್ಲಿಂದ." ಮೂರು ಸಲ ಆಯಿತು.

ಅಂಗಡಿಯಲ್ಲಿ ಇದ್ದವರಲ್ಲಿ ಒಬ್ಬರು ಹಿಂದೆ ಬಟ್ಟೆ ವ್ಯಾಪಾರ ಮಾಡಿದವರು. ಮಗಳ ಬಾಣಂತನಕ್ಕೆ ತಾಮ್ರದ ಹಂಡೆ ನೋಡಲು ಬಂದವರು. ಒಂದಕ್ಷರವೂ ಎರಡು ಸಲ ಬಾರದ ಹತ್ತಕ್ಷರದ ಮಾತು ಯಾತಕ್ಕೆ ಇರುತ್ತದೆ ಅಂತ ವ್ಯಾಪಾರಿಗೆ ಯಾರು ಹೇಳಬೇಕು? ಮೊದಲನೇ ಸಲ ಕೇಳಿಸಿಕೊಂಡರಂತೆ, ಎರಡನೇ ಸಲ ಅಂಗೈ ಮೇಲೆ ಬರೆದುಕೊಂಡರಂತೆ, ಮೂರನೇ ಸಲ ಸರಿ ನೋಡಿಕೊಂಡರಂತೆ. ಆಮೇಲೆ ಹಂಡೆಯ ಚೀಟಿ ತಿರುಗಿಸಿ ನೋಡಿದರು. ನಾವು ಹೇಳುತ್ತಿದ್ದ ಬೆಲೆ ಆರು ಸಾವಿರದ ಎಂಟುನೂರು.

"ಅಸಲು ಐದು ಮುನ್ನೂರು ಐತೆ ತಾಯಿ" ಅಂದರಂತೆ. "ಐದು ಮುನ್ನೂರ ಐವತ್ತು ತಗೊಳ್ಳಿ. ನಾನೂ ವ್ಯಾಪಾರ ಮಾಡ್ದೋನು. ನೀವೂ ಬದುಕ್ಬೇಕಲ್ಲ."

ನಮ್ಮನೆಯವರು ಪುಸ್ತಕ ತೆಗೆದು ನೋಡಿದರೆ ಲೆಕ್ಕ ಸರಿಯಾಗಿತ್ತು. ಕೊಟ್ಟು ಕಳಿಸಿದರು.

ಮೇಷ್ಟ್ರು ವಿಷಯ ಕೇಳಿ "ತಕ್ಷಣ ಪಾಸ್‌ವರ್ಡ್ ಬದಲಾಯಿಸಿ" ಅಂದರು. ನಾನು ಬದಲಾಯಿಸಿದ್ದು ಅಂಗಡಿಯ ಚೀಟಿಗಳನ್ನು. ನಾಲ್ಕು ದಿನ ಹಿಡಿಯಿತು. ಕಂಪ್ಯೂಟರಿಗೆ ಹಳೆಯದೇ ಇದೆ. ಅದನ್ನು ಕದ್ದು ಒಳಗೆ ಹೊಕ್ಕವನಿಗೆ ಸಿಗುವುದು ಒಂದು ಇಸ್ಪೀಟಾಟ.

೪. ಚೀಟಿಯಲ್ಲಿ ಇದ್ದಂಗೆ

ಇಷ್ಟಾದರೂ ಆರ್ಡರ್ ಯಾವುದೂ ಕೆಟ್ಟಿರಲಿಲ್ಲ. ಹಂಡೆ ಆರ್ಡರ್ ಅಲ್ಲ, ಚಿಲ್ಲರೆ ವ್ಯಾಪಾರ ಅಂತ ವಾದಿಸಿ ಗೆದ್ದಿದ್ದೆ. ಆಗ ಬಂದರು ಗಾವಡಗೆರೆ ಕಡೆಯ ಒಬ್ಬ ಗೌಡರು. ಮಗಳ ಮದುವೆ ಮನೆ ಮುಂದೆಯೇ ಚಪ್ಪರ ಹಾಕಿ. ಊಟದ ತಟ್ಟೆ ಇನ್ನೂರು, ಲೋಟ ಇನ್ನೂರು, ಮೇಲೆ ಕೊಳಗ, ಬಕೆಟ್ಟು, ಸೌಟು. ಒಟ್ಟು ಐವತ್ತೆಂಟು ಸಾವಿರದ ಆರ್ಡರ್. ಮದುವೆ ಮುಗಿದ ಮೇಲೆ ಪಾತ್ರೆ ಅವರ ಮನೆಯಲ್ಲೇ ಉಳಿಯುತ್ತದೆ, ಊರಿನವರ ಕಾರ್ಯಗಳಿಗೂ ಹೋಗಿ ಬರುತ್ತದೆ. ಆದ್ದರಿಂದ ತಟ್ಟೆ ಲೋಟಕ್ಕೆಲ್ಲ ಹೆಸರು ಕೆತ್ತಬೇಕು. ಹೆಸರು ಸಿದ್ದೇಗೌಡ.

ಹೆಸರು ಕೆತ್ತುವವರು ನಮ್ಮ ಪಕ್ಕದ ಗಲ್ಲಿಯ ಭಾಯಿ. ಅವರ ತಂದೆ ಉಳಿಯಿಂದ ಚುಕ್ಕಿ ಚುಕ್ಕಿ ಹೊಡೆದು ಕೆತ್ತುತ್ತಿದ್ದರು. ಇವರದು ಗುರ್ ಅನ್ನುವ ಕೈಮಿಷನ್ನು. ಕೈ ಬಲು ನಯ. ನಮ್ಮ ರಸ್ತೆ ಮಡಿಕೇರಿಗೆ ಹೋಗುವ ರಸ್ತೆ. ಬೈಲಕುಪ್ಪೆಯ ಟಿಬೆಟಿನವರು ತಮ್ಮ ಲಿಪಿಯಲ್ಲಿ ಹೆಸರು ಬರೆದು ತರುತ್ತಾರೆ, ಕೇರಳದವರು ಅವರ ಲಿಪಿಯಲ್ಲಿ ತರುತ್ತಾರೆ. ಭಾಯಿಗೆ ಅದೊಂದೂ ಓದಲು ಬಾರದು, ಎಲ್ಲವನ್ನೂ ಅಚ್ಚು ಹೊಡೆದಂತೆ ಕೆತ್ತುತ್ತಾರೆ. ಹಿಂದೆ ಕೈಬರಹದ ಚೀಟಿಯಿಂದ ಜಗಳ ಆಗುತ್ತಿತ್ತು ಅಂತ ನಾನೇ ಒಂದು ಕಾನೂನು ಮಾಡಿದ್ದೆ. ಗೋಡೆಯ ಮೇಲೆ ಬೋರ್ಡೂ ಇದೆ: "ಚೀಟಿಯಲ್ಲಿ ಇದ್ದಂತೆ ಕೆತ್ತಲಾಗುವುದು. ಕೆತ್ತಿದ ಪಾತ್ರೆ ವಾಪಸ್ ಇಲ್ಲ."

ಕೆತ್ತಿಸಿದ ಹೆಸರುಗಳನ್ನೆಲ್ಲ ಹಳೇ ಸಿಸ್ಟಂನಲ್ಲಿ ಕನ್ನಡದಲ್ಲಿ ಹೊಡೆದು ಒಂದೇ ಫೈಲಿನಲ್ಲಿ ಕೂಡಿಟ್ಟಿದ್ದೆ. ಯಾವ ಹೆಸರು ಯಾವ ಪುಟ ಅಂತ ನೋಟ್‌ಬುಕ್ಕಿನಲ್ಲಿ ಗುರುತು. ಸಿದ್ದೇಗೌಡ ಹದಿನಾಲ್ಕನೇ ಪುಟ, ಮೂರನೇ ಸಾಲು. ಅವತ್ತು ಎಚ್.ಡಿ. ಕೋಟೆಯಲ್ಲಿ ನೆಂಟರ ಗೃಹಪ್ರವೇಶ, ಬಸ್ಸಿನ ಹೊತ್ತಾಗಿತ್ತು, ಕನ್ನಡಕ ಜೇಬಿನಲ್ಲಿತ್ತು. ಹದಿನಾಲ್ಕನೇ ಪುಟ ತೆರೆದೆ. ಇಂಗ್ಲಿಷ್ ತರಹ ಏನೋ ಕಂಡಿತು. ನಮ್ಮ ಬಿಲ್ಲೂ ಹಾಗೇ ಅಲ್ಲವೇ, ಪರದೆ ಮೇಲೆ ಇಂಗ್ಲಿಷು, ಕಾಗದದ ಮೇಲೆ ಕನ್ನಡ. ಮೂರನೇ ಸಾಲಿಗೆ ಪ್ರಿಂಟ್ ಕೊಟ್ಟೆ, ಬಂದ ಚೀಟಿಯನ್ನು ನೋಡದೆ ಮಡಚಿ ತಟ್ಟೆಯ ಕಟ್ಟಿಗೆ ಸಿಕ್ಕಿಸಿ ಬಸ್ಸು ಹತ್ತಿದೆ.

ಊಟದ ಪಂಕ್ತಿಯಲ್ಲಿ ಕೂತಿದ್ದಾಗ ಭಾಯಿಯ ಫೋನು.

"ಅಣ್ಣಾ, ಗೌಡ್ರ ಚೀಟಿ ಇದೇನಾ?"

"ಹೂಂ, ಕಟ್ಟಿನಲ್ಲಿ ಇರೋದೇ."

"ಅಕ್ಷರ ಒಂಥರಾ ಐತಲ್ಲ."

"ಹೊಸ ಸಿಸ್ಟಂ ಭಾಯಿ. ಅಕ್ಷರದ ರೂಪ ಸ್ವಲ್ಪ ಬೇರೆ ಇರ್ತದೆ."

"ಸ್ವಲ್ಪ ಅಲ್ಲ ಅಣ್ಣ."

"ಇಪ್ಪತ್ತು ವರ್ಷದಿಂದ ನಿಮಗೆ ಏನು ಹೇಳಿದ್ದೀನಿ?"

"ತಲೆ ಓಡಿಸಬೇಡಿ, ಚೀಟೀಲಿ ಇದ್ದಂಗೆ ಕೆತ್ತಿ ಅಂತ."

"ಮತ್ತೆ?"

"ಆಯ್ತು ಬುಡಿ" ಅಂದರು. ನಾನು ಪಾಯಸಕ್ಕೆ ಕೈ ಹಾಕಿದೆ.

ನಾಲ್ಕು ದಿನ ಬಿಟ್ಟು ಭಾಯಿಯ ಹತ್ತಿರ ಹೋಗಿ ನೋಡಿದರೆ ನಾನೂರು ಪಾತ್ರೆ ಫಳಫಳ ಹೊಳೆಯುತ್ತ ಕೂತಿವೆ. ಪ್ರತಿಯೊಂದರ ಅಂಚಿನಲ್ಲೂ, ಗಾಳಿಯಲ್ಲಿ ನೇತು ಹಾಕಿದ ಪುಟ್ಟ ಒಂದು, ಆಮೇಲೆ ಝಡ್, ನೆತ್ತಿಗೆ ಕಡ್ಡಿ ಚುಚ್ಚಿಕೊಂಡ ಇ, ಅದೇ ಕಡ್ಡಿಯ ವೈ, ತಲೆ ಮೇಲೆ ಹಾವು ಕೂತ ಎ, ಬರೀ ಯು, ಎರಡು ಬೊಟ್ಟಿಟ್ಟ ಇನ್ನೊಂದು ಇ, ಕ್ಯೂ, ಕಡೆಗೆ ಕಡ್ಡಿಯನ್ನು ಉಲ್ಟಾ ಚುಚ್ಚಿಕೊಂಡ ಇನ್ನೊಂದು ಎ. ಮೇಷ್ಟ್ರು ನೋಡಿ, ಹಳೇ ಕನ್ನಡ ಫಾಂಟು ಹೊಸದರಲ್ಲಿ ಇಲ್ಲ, ಅದಕ್ಕೇ ಹೀಗೆ, ಒಳಗಿರುವುದು ಸಿದ್ದೇಗೌಡನೇ ಅಂತ ಸಮಾಧಾನ ಹೇಳಿದರು.

"ಟಿಬೆಟಿನೋರದ್ದಕ್ಕಿಂತ ಕಷ್ಟ ಇತ್ತು ಅಣ್ಣ, ಆ ಹಾವು" ಅಂದರು ಭಾಯಿ. "ಆದ್ರೂ ನಾನೂರರಲ್ಲಿ ಒಂದೂ ತಪ್ಪಿಲ್ಲ, ನೋಡ್ಕೊಳ್ಳಿ."

ನೋಡಿದೆ. ಒಂದೂ ತಪ್ಪಿರಲಿಲ್ಲ.

ಅವರ ಕೂಲಿ ಅಕ್ಷರಕ್ಕೆ ಒಂದು ರೂಪಾಯಿ. ಸಿದ್ದೇಗೌಡ ನಾಲ್ಕಕ್ಷರ, ನಾನೂರಕ್ಕೆ ಸಾವಿರದ ಆರುನೂರು ಆಗಬೇಕಾಗಿತ್ತು. ಇದು ಒಂಬತ್ತು ಅಕ್ಷರ, ಮೂರು ಸಾವಿರದ ಆರುನೂರು. ನಾನು ಅವರ ಮುಖ ನೋಡಿದೆ.

"ತಲೆ ಓಡ್ಸಿದ್ರೆ ನಾಲ್ಕೇ ಆಗೋದು ಅಣ್ಣ" ಅಂದರು.

೫. ಕೋಳಿ ಕೆದಕಿದ್ದು

ನಮ್ಮನೆಯವರು ಹೊಸ ಕಂಪ್ಯೂಟರಿಗೆ ಅಂಗಡಿಯಲ್ಲಿ ಜಾಗ ಅಳೆಯತೊಡಗಿದರು. "ಗಿರಾಕಿ ಬೇಡ ಅಂದಾಗ ತಾನೆ ಆರ್ಡರ್ ಕೆಟ್ಟಂಗೆ? ಅವರಿನ್ನೂ ನೋಡಿಲ್ಲ" ಅಂದೆ. ತಟ್ಟೆ ಲೋಟದ ಬಾಬ್ತು ಬೇರೆ ಮಾಡಿ ಕೂಡಿ ನೋಡಿದರೆ ಸರಿಯಾಗಿ ಮೂವತ್ತೆಂಟು ಸಾವಿರ. ಗೌಡರು ಬೇಡ ಅಂದರೆ ಅದೂ ಹೋಯಿತು, ಕಂಪ್ಯೂಟರಿನದೂ ಹೋಯಿತು. ದೇವರು ಲೆಕ್ಕದಲ್ಲಿ ಬಲು ಗಟ್ಟಿಗ.

ಮದುವೆಗೆ ಎರಡು ದಿನ ಇರುವಾಗ ಗೌಡರು ಟೆಂಪೋ ತಂದರು. ಒಂದು ತಟ್ಟೆ ಎತ್ತಿ ನೋಡಿದರು. ತಿರುಗಿಸಿ ನೋಡಿದರು. ಬೆಳಕಿಗೆ ಹಿಡಿದು ನೋಡಿದರು.

"ಇದೇನ್ ಸಾವ್ಕಾರ್ರೆ?"

"ನಿಮ್ಮ ಹೆಸರು."

"ನನ್ನೆಸ್ರು ಇಂಗಿಲ್ಲ."

ಸುಳ್ಳು ಹೇಳಿ ಉಪಯೋಗವಿಲ್ಲದ ಕಡೆ ನಿಜ ಹೇಳುವುದು ಅಗ್ಗ. ಆದದ್ದನ್ನು ಹೇಳಿದೆ. ಅವರು ನಿಧಾನವಾಗಿ ಗೋಡೆಯ ಬೋರ್ಡನ್ನು ಗಟ್ಟಿಯಾಗಿ ಓದಿದರು. "ಕೆತ್ತಿದ ಪಾತ್ರೆ ವಾಪಸ್ ಇಲ್ಲ. ಇದು ನಮ್ಗೋ, ನಿಮ್ಗೋ?"

"ಗೌಡ್ರೆ, ಎರಡು ದಿನದಲ್ಲಿ ಬೇರೆ ನಾನೂರು ಕೆತ್ತಕ್ಕೆ ಆಗಲ್ಲ" ಅಂದೆ. "ಇದನ್ನೇ ತಗೊಂಡೋಗಿ ಮದುವೆ ಮುಗಿಸಿ. ಅನ್ನ ಸಾರು ಬಿದ್ದ ಮೇಲೆ ಅಂಚು ಯಾರು ಓದ್ತಾರೆ? ಆಮೇಲೆ ಬೇಡ ಅನ್ಸಿದ್ರೆ ನಾನೇ ಬಂದು ಎತ್ಕೊಂಡು ಬಂದು ಹೊಸದು ಕೊಡ್ತೀನಿ, ನನ್ನ ಖರ್ಚಲ್ಲಿ. ಅಲ್ಲೀವರೆಗೂ ತಟ್ಟೆ ಲೋಟದ ದುಡ್ಡು ಕೊಡಬೇಡಿ."

ಕೊಳಗ, ಬಕೆಟ್ಟಿನ ಇಪ್ಪತ್ತು ಸಾವಿರ ಕೊಟ್ಟು, ಬೇರೆ ದಾರಿಯಿಲ್ಲದೆ ತುಂಬಿಕೊಂಡು ಹೋದರು.

ಹನ್ನೆರಡು ದಿನ ಕಳೆಯಿತು. ಒಂದು ಬೆಳಿಗ್ಗೆ ಗೌಡರು ಇನ್ನಿಬ್ಬರನ್ನು ಕರೆದುಕೊಂಡು ಬಂದರು. ನಾನು ಮೊದಲು ಅವರ ಹಿಂದೆ ಟೆಂಪೋ ಇದೆಯಾ ಅಂತ ನೋಡಿದೆ. ಇರಲಿಲ್ಲ. ನಮ್ಮನೆಯವರೂ ಅದನ್ನೇ ನೋಡಿದರು.

ಗೌಡರು ಕೂತರು. "ಸಾವ್ಕಾರ್ರೆ, ನಮ್ಮೂರಲ್ಲಿ ಸಿದ್ದೇಗೌಡ ಅನ್ನೋರು ಎಷ್ಟು ಜನ ಗೊತ್ತಾ?"

"ಎಷ್ಟು?"

"ಅನ್ನೊಂದು. ಊರ ದೇವ್ರ ಎಸ್ರು, ಎಲ್ರೂ ಮಡೀಕೊಂಡವ್ರೆ. ಇವ್ರಿಬ್ರೂ ಅವ್ರೇಯ" ಅಂತ ಜೊತೆಯವರನ್ನು ತೋರಿಸಿದರು. "ಮದ್ವೆ, ತಿಥಿ, ಬೀಗ್ರೂಟ, ಏನಾದ್ರೂ ಆಗ್ಲಿ, ಇನ್ನೂರು ತಟ್ಟೆ ಓಯ್ತದೆ, ನೂರೆಂಬತ್ತು ಬತ್ತದೆ. ಕೇಳಕ್ಕೋದ್ರೆ, ನೋಡಿ ಸಿದ್ದೇಗೌಡ ಅಂತ ಬರ್ದದಲ್ಲ, ನಮ್ದೇ ಅಂತಾರೆ. ಸುಳ್ಳೂ ಅಲ್ಲ. ಯಾರ್ ತಟ್ಟೇಲಿ ಯಾರ್ ಉಣ್ತಾವ್ರೆ ಅಂತ ನಮ್ಮಪ್ಪನ ಕಾಲ್ದಿಂದ ಗೊತ್ತಿಲ್ಲ."

"ಈ ಸಲ?"

"ಇನ್ನೂರಕ್ಕೆ ಇನ್ನೂರು. ಲೋಟ್ವೂ ಅಂಗೇಯ. ಇವ್ನ ಮನೇಗೆ ಮೂರು ತಟ್ಟೆ ಓಗಿತ್ತು. ಇವ್ನೆಂಡ್ತಿನೇ ತಂದ್ಕೊಟ್ಲು, ಕೋಳಿ ಕೆದಕ್ದಂಗಿರೋದು ನಿಮ್ಮನೇದು ಕಣಕ್ಕ, ನಮ್ದಲ್ಲ ಅಂತ."

ಎರಡನೇ ಸಿದ್ದೇಗೌಡರು ಛಾವಣಿಯಲ್ಲಿ ನೇತು ಹಾಕಿದ್ದ ಬಕೆಟ್ಟುಗಳನ್ನು ನೋಡುತ್ತಿದ್ದರು.

ಗೌಡರು ಮೂವತ್ತೆಂಟು ಸಾವಿರ ಎಣಿಸಿಟ್ಟರು. ನಮ್ಮನೆಯವರು ಅಳತೆ ಟೇಪನ್ನು ಡ್ರಾಯರಿಗೆ ಹಾಕಿದರು.

"ನಮ್ಗೂ ಅಂಗೇ ಆಕ್ಕೊಡಿ, ನೂರ್ನೂರು ತಟ್ಟೆ" ಅಂದರು ಎರಡನೆಯವರು.

ಗೌಡರು ಉರಿದುಬಿದ್ದರು. "ಅಂಗೇ ಆಕ್ಸೋದಾದ್ರೆ ಮತ್ತೆ ಬೆರ್ಕೆ ಆಗಲ್ವೇನ್ಲಾ? ನಂದು ನಂಗಿರ್ಲಿ."

ಮಾತು ಸರಿ. ಹೆಸರು ಒಂದೇ ಆದರೆ ಕೋಳಿ ಕೆದಕಿದ್ದೂ ಒಂದೇ. "ನಿಮ್ಮ ತಂದೆ ಹೆಸರು ಹಾಕಲಾ?" ಅಂದೆ.

"ಕಾಳೇಗೌಡ. ಅವ್ರು ಊರಲ್ಲಿ ಎಂಟು ಜನ ಅವ್ರೆ."

ಅಷ್ಟರಲ್ಲಿ ನಮ್ಮನೆಯವರು ಕಾಫಿ ಲೋಟ ಇಡುತ್ತ ಅಂದರು, "ಹೆಂಡ್ತಿ ಹೆಸ್ರು ಹಾಕ್ಸಿ."

ಮೂವರು ಸಿದ್ದೇಗೌಡರೂ ಕಾಫಿ ಲೋಟಕ್ಕೆ ಕೈ ಹಾಕಿದರು. ಕೊನೆಗೆ ಎರಡನೆಯವರು ಅಂದರು, "ಪಾತ್ರೆ ಮ್ಯಾಲೆ ಎಂಗಸ್ರ ಎಸ್ರು ಆಕ್ಸಿದ್ರೆ ಊರಲ್ಲಿ ಆಡ್ಕೋತಾರೆ ಕಣವ್ವ. ಮನೆ ಯಜಮಾನಿಕೆ ಯಾರ್ದು ಅಂತಾರೆ."

"ಯಾರು ಓದ್ತಾರೆ ಅಣ್ಣಾ?" ಅಂದರು ನಮ್ಮನೆಯವರು.

ಅವರು ತಟ್ಟೆ ಎತ್ತಿ ಆ ಹಾವನ್ನು ಇನ್ನೊಂದು ಸಲ ನೋಡಿದರು. ಆಮೇಲೆ ಎದ್ದು ಬಂದು, ಮೂರನೆಯವರಿಗೆ ಕೇಳಿಸದ ಹಾಗೆ, ನನ್ನ ಕಿವಿಯಲ್ಲಿ ಹೆಂಡತಿಯ ಹೆಸರು ಹೇಳಿದರು. ಅವರು ಹೋಗಿ ಕೂತ ಮೇಲೆ ಮೂರನೆಯವರು ಎದ್ದು ಬಂದರು. ನೋಟ್‌ಬುಕ್ಕಿನಲ್ಲಿ ಎರಡೂ ಹೆಸರು ಇದ್ದವು. ಒಂದು ಏಳನೇ ಪುಟ, ಇನ್ನೊಂದು ಇಪ್ಪತ್ತೆರಡನೆಯದು.

ಆ ಹೊತ್ತಿಗೆ ಸರಿಯಾಗಿ ಮೇಷ್ಟ್ರು ಪೆನ್‌ಡ್ರೈವ್ ಹಿಡಿದು ಒಳಗೆ ಬಂದರು. "ಆ ಹಳೇ ಫಾಂಟು ಸಿಕ್ತು ಸಾವ್ಕಾರ್ರೆ. ಐದು ನಿಮಿಷ. ಎಲ್ಲ ಹೆಸರೂ ಮುಂಚಿನ ಹಾಗೆ ಕನ್ನಡ ಆಗಿಬಿಡ್ತದೆ."

"ಮುಟ್ಟಬೇಡಿ" ಅಂದೆವು ನಾವು ಐದು ಜನ.

ತಿಂಗಳಾದ ಮೇಲೆ ಒಬ್ಬ ಹೆಂಗಸು ಒಂದು ತಟ್ಟೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದರು. ಎರಡನೇ ಸಿದ್ದೇಗೌಡರ ಮನೆಯವರು. "ಇದ್ರಲ್ಲಿ ಏನ್ ಬರ್ದದೆ ಸಾವ್ಕಾರ್ರೆ? ಕೇಳಿದ್ರೆ ನಮ್ಮನೇರು ಬಾಯೇ ಬುಡಲ್ಲ."

ಗಿರಾಕಿಯ ಗುಟ್ಟು ಹೇಳಬಾರದು. ಆದರೆ ಕೇಳುತ್ತಿರುವವರೂ ಗಿರಾಕಿಯೇ. "ನಿಮ್ಮ ಹೆಸರೇ" ಅಂದೆ.

ಅವರು ತಟ್ಟೆಯನ್ನು ಬಿಚ್ಚಿ ಅಂಚನ್ನು ಒಂದು ಸುತ್ತು ನೋಡಿದರು. "ಅವ್ರಿಗೆ ಗೊತ್ತಾ?"

"ಅವರೇ ಹಾಕ್ಸಿದ್ದು."

ತಟ್ಟೆಯನ್ನು ಮತ್ತೆ ಸೆರಗಿನಲ್ಲಿ ಸುತ್ತಿಕೊಂಡರು. ಆಮೇಲೆ ಅಂಗಡಿಯೊಳಗೆಲ್ಲ ಕಣ್ಣಾಡಿಸಿ ಅತಿ ದೊಡ್ಡ ಕೊಳಗದ ಮೇಲೆ ಕೈಯಿಟ್ಟರು. "ಇದ್ಕೂ ಇದ್ನೇ ಆಕಿ. ದಪ್ಪಕ್ಕೆ ಆಕಿ. ದುಡ್ಡ ಅವ್ರ ಕೈಲಿ ಈಸ್ಕೊಳ್ಳಿ."

ಈಗ ಲೆಕ್ಕ. ಉಳಿದದ್ದು ಕಂಪ್ಯೂಟರಿನ ಮೂವತ್ತೆಂಟು ಸಾವಿರ. ಅದರಲ್ಲಿ ಕಳೆದದ್ದು ಮೇಷ್ಟ್ರಿಗೆ ಆರುನೂರು, ಭಾಯಿಗೆ ತಲೆ ಓಡಿಸದ ಬಾಬ್ತು ಎರಡು ಸಾವಿರ, ಹಂಡೆಯಲ್ಲಿ ಹೋದದ್ದು ಹೆಚ್ಚು ಕಡಿಮೆ ಸಾವಿರ, ನಮ್ಮನೆಯವರು ಬಿಡದೆ ಬರೆಸಿದ ಬೊಟ್ಟಿನ ಪ್ಯಾಕೆಟ್ಟು ಎರಡು, ಇಪ್ಪತ್ತು ರೂಪಾಯಿ. ನಿಂತದ್ದು ಮೂವತ್ತನಾಲ್ಕು ಸಾವಿರದ ಮುನ್ನೂರ ಎಂಬತ್ತು, ಮೇಲೆ ಮೂವರು ಸಿದ್ದೇಗೌಡರು. ಊರಲ್ಲಿ ಇನ್ನೂ ಎಂಟು ಜನ ಇದ್ದಾರೆ.